ಮಲ್ಲಿಗೆ ಗಿಡಕ್ಕೆ ಕತ್ತರಿಯೇ?

ಗಿಡ ನೆಡುವ ಉತ್ಸಾಹ ನಮ್ಮ ಹೆಂಗಸರಿಗೆಲ್ಲ ಇದ್ದೇ ಇದೆ. ಯಾರ ಮನೆಗೆ ಹೋದರೂ ಬರುವಾಗ ಕೈಯಲ್ಲೊಂದು ಕಡ್ಡಿ ಹಿಡಿದೇ ಬರುತ್ತೇವೆ. ಆದರೆ ಬೆಳೆದ ಗಿಡಕ್ಕೆ ಕತ್ತರಿ ಹಾಕಿ ಅಂದರೆ ಮನಸ್ಸೇ ಬಾರದು.

ನಮ್ಮ ಕಾಂಪೌಂಡಿನ ಪಕ್ಕದ ದುಂಡುಮಲ್ಲಿಗೆ ಅತ್ತೆಯವರು ತೌರಿನಿಂದ ತಂದು ನೆಟ್ಟದ್ದು. ಎತ್ತೆತ್ತಲೋ ಚಾಚಿ ಕಿಟಕಿಯನ್ನೇ ಮುಚ್ಚಿತ್ತು. ಒಳಗೆಲ್ಲ ಒಣಕಲು ಕಡ್ಡಿ, ಹೂವೋ ಬೇಸಿಗೆಯಲ್ಲೂ ಬೊಗಸೆ ತುಂಬದು. "ಹಾವು ಹುಳ ಸೇರಿಕೊಳ್ಳುತ್ತೆ, ಬುಡಸಮೇತ ಕೀಳಿಸಿಬಿಡೋಣ" ಅಂತ ನಮ್ಮ ಯಜಮಾನರು ಪ್ರತಿ ಮಳೆಗಾಲದಲ್ಲೂ ಹೇಳೋರು. "ಹೂ ಬಿಡೋ ಗಿಡದ ಮೇಲೆ ಕತ್ತಿ ಆಡಿಸಬಾರದು" ಅಂತ ಅತ್ತೆ. ಇವರಿಬ್ಬರ ನಡುವೆ ಗಿಡ ಉಳಿಯಬೇಕಾದರೆ ಸವರುವುದೊಂದೇ ದಾರಿ ಎಂದು ನನಗೆ ತೋರಿತು.

ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಹಳೆ ಕಡ್ಡಿಗಳನ್ನೇ ಉಳಿಸಿಕೊಂಡರೆ ಹೂ ಕಡಿಮೆ. ನವೆಂಬರ್ ಕೊನೆಗೆ, ಮಳೆ ನಿಂತ ಮೇಲೆ, ಕೆಲವು ದಿನ ಗಿಡಕ್ಕೆ ನೀರು ಹಾಕಲಿಲ್ಲ. ಆಮೇಲೆ ಒಣಗಿದ್ದು, ರೋಗ ಹಿಡಿದದ್ದನ್ನೆಲ್ಲ ಬುಡಕ್ಕೇ ತೆಗೆದೆ. ಉಳಿದದ್ದನ್ನು ನೆಲದಿಂದ 50 ಸೆಂಟಿಮೀಟರಿಗೆ, ಅಂದರೆ ಸುಮಾರು ಮೊಣಕಾಲೆತ್ತರಕ್ಕೆ ಕತ್ತರಿಸಿ, ಎಲೆಗಳನ್ನೂ ಕೈಯಿಂದ ತೆಗೆದುಹಾಕಿದೆ. ಕತ್ತರಿ ಹರಿತವಾಗಿರಲಿ. ಮೊಂಡು ಕುಡುಗೋಲಿನಿಂದ ಜಗ್ಗಿದರೆ ಸಿಪ್ಪೆ ಸುಲಿದು ಅಲ್ಲೇ ಕೊಳೆಯಲು ಶುರುವಾಗುತ್ತೆ. ಕೊನೆಗೆ ಬುಡ ಸಡಿಲಿಸಿ, ಕೊಟ್ಟಿಗೆ ಗೊಬ್ಬರ ಹಾಕಿ ನೀರುಣಿಸಿದೆ.

ಮೋಟು ಕಡ್ಡಿಗಳನ್ನು ನೋಡಿ ಅತ್ತೆ ನಾಲ್ಕು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ದೇವರಿಗೆ ಪೇಟೆಯಿಂದ ಹೂ ತರಿಸಿ, ಅದಕ್ಕೆ ದುಡ್ಡೆಷ್ಟಾಯಿತೆಂದು ನನಗೆ ಕೇಳಿಸುವ ಹಾಗೆ ಮಗನಿಗೆ ಹೇಳೋರು! ಫೆಬ್ರವರಿ ಕೊನೆಗೆ ಮೊಗ್ಗು ಮೊದಲು ಕಂಡವರೂ ಅವರೇ. ನನ್ನನ್ನು ಕರೆದು ತೋರಿಸಲಿಲ್ಲ. ಮಾರ್ಚಿನಲ್ಲಿ ಒಂದು ಸಂಜೆ ಮಾತ್ರ, ತಾವೇ ಕಟ್ಟಿದ ಒಂದು ಮೊಳ ಹೂ ತಂದು ನನ್ನ ಜಡೆಗೆ ಮುಡಿಸಿದರು.

ಹಾಗಂತ ಎಲ್ಲ ಗಿಡಕ್ಕೂ ಒಂದೇ ಕಾಲವಲ್ಲ. ಜಾಜಿಗೆ ಡಿಸೆಂಬರ್ ಕೊನೆ ಒಳ್ಳೇದು. ದಾಸವಾಳವೂ ಹೊಸ ಚಿಗುರಲ್ಲೇ ಹೂ ಬಿಡೋದು. ಹೊರಗೆ ಮುಖ ಮಾಡಿದ ಕಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ರೆಂಬೆ ಹೊರಕ್ಕೆ ಹೋಗುತ್ತೆ, ಗಿಡದ ನಡುವೆ ಗಾಳಿ ಬೆಳಕು ಆಡುತ್ತೆ. ಕರಿಬೇವಿನಲ್ಲಿ ಸಾರಿಗೆ ಕೀಳುವಾಗ ತುದಿಯನ್ನೇ ಚಿವುಟಿ, ಪಕ್ಕದಿಂದ ಕವಲೊಡೆಯುತ್ತೆ. ಮಾವಿಗೆ ಮಾತ್ರ ಚಳಿಗಾಲದಲ್ಲಿ ಕತ್ತಿ ಬೇಡ. ಅದು ಹೂ ಬಿಡೋದು ಬಲಿತ ರೆಂಬೆಯ ತುದಿಯಲ್ಲಿ. ಹಣ್ಣು ಮುಗಿದ ಕೂಡಲೇ ಸವರಬೇಕು. ನುಗ್ಗೆಯನ್ನು ಕಾಯಿ ಮುಗಿದ ಮೇಲೆ ಎದೆಮಟ್ಟಕ್ಕೆ ಇಳಿಸಬಹುದು. ಅದರ ಕೊಂಬೆ ಬಲು ಬೇಗ ಮುರಿಯುತ್ತೆ, ಮಕ್ಕಳನ್ನಂತೂ ಹತ್ತಿಸಲೇಬೇಡಿ.