ಆಟಕ್ಕೂ ವರದಿಗೂ ಅದೇ ಲ್ಯಾಪ್‌ಟಾಪ್

ಉಳ್ಳಾಲದ ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಮಳೆಗಾಲದಲ್ಲಿ ಕಡಲ್ಕೊರೆತದ ವಿಡಿಯೊ ಎಡಿಟ್ ಮಾಡಿ ಕಳಿಸುವುದು ಅದರಲ್ಲೇ, ರಾತ್ರಿ ಅಕ್ಕನ ಮಗ ವ್ಯಾಲೊರಂಟ್ ಆಡುವುದೂ ಅದರಲ್ಲೇ. ಸ್ಟ್ರಿಂಗರ್‌ಗಳಾದ ನಮಗೆ ದುಡ್ಡು ಸುದ್ದಿಯ ಲೆಕ್ಕದಲ್ಲಿ. ಲ್ಯಾಪ್‌ಟಾಪ್ ಕೆಟ್ಟರೆ ಆ ತಿಂಗಳ ಸಂಪಾದನೆಯೂ ಹೋಯಿತು. ಹಾಗಾಗಿ ಹುಡುಗ "ಮಾವ, ಗೇಮ್ ಹ್ಯಾಂಗ್ ಆಗ್ತದೆ, ಹೊಸತು ತೆಗೆಯುವನಾ?" ಎಂದು ಕೇಳಿದಾಗ, ಇದ್ದದ್ದನ್ನೇ ಸರಿಮಾಡಲು ಇಬ್ಬರೂ ಕೂತೆವು.

ವ್ಯಾಲೊರಂಟ್ ಬಂದದ್ದು 2020ರ ಜೂನ್‌ನಲ್ಲಿ. ಅದಕ್ಕೆ ಕನಿಷ್ಠ ಬೇಕಾದದ್ದು 4 ಜಿಬಿ ರ್‍ಯಾಮ್ ಮತ್ತು 2012ರ ಕಾಲದ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್. ಅಂದರೆ ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುವ ಆಟವೇ.

ಹ್ಯಾಂಗ್‌ನಲ್ಲಿ ಎರಡು ಜಾತಿ ಉಂಟು. ಚಿತ್ರವೇ ತಡೆತಡೆದು ಬಂದರೆ ಅದು ಲ್ಯಾಪ್‌ಟಾಪಿನ ಕಷ್ಟ. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎನ್ನುವುದಕ್ಕೇ ಎಫ್‌ಪಿಎಸ್ ಎನ್ನುವುದು. ಚಿತ್ರ ಸರಾಗವಾಗಿದ್ದು ಎದುರಾಳಿ ಮಾತ್ರ ಅಲ್ಲಿಂದ ಇಲ್ಲಿಗೆ ಹಾರಿದಂತೆ ಕಂಡರೆ ಅದು ನೆಟ್‌ನದ್ದು. ಅದಕ್ಕೆ ಗ್ರಾಫಿಕ್ಸ್ ತಗ್ಗಿಸಿ ಪ್ರಯೋಜನವಿಲ್ಲ. ಮುಂಬೈ ಸರ್ವರ್ ಆರಿಸಿಕೊಳ್ಳಬೇಕು, ಅದೇ ವೈಫೈಯಲ್ಲಿ ವಿಡಿಯೊ ಅಪ್‌ಲೋಡ್ ಆಗುತ್ತಿದ್ದರೆ ಕಾಯಬೇಕು. ನಮ್ಮಲ್ಲಿ ಅಪ್‌ಲೋಡ್ ಮುಗಿಯುವ ತನಕ ಆಟ ಇಲ್ಲ.

ಗ್ರಾಫಿಕ್ಸ್‌ನಲ್ಲಿ ದೊಡ್ಡ ಲಾಭ ರೆಸಲ್ಯೂಷನ್‌ನಿಂದ. 1920x1080 ಅಂದರೆ ಪ್ರತಿ ಚಿತ್ರಕ್ಕೂ ಸುಮಾರು 20 ಲಕ್ಷ ಚುಕ್ಕಿ, 1280x720ಕ್ಕೆ ಇಳಿಸಿದರೆ 9 ಲಕ್ಷ ಚಿಲ್ಲರೆ. ಅಕ್ಷರ ಸ್ವಲ್ಪ ಮಸುಕಾಗುತ್ತದೆ, ಆದರೆ ಆಡುವವರಿಗೆ ತೊಂದರೆಯಿಲ್ಲ. ನೆರಳು ಆಫ್, ಮೆಟೀರಿಯಲ್, ಟೆಕ್ಸ್ಚರ್, ಡೀಟೇಲ್ ಎಲ್ಲ ಲೋ, ವಿ-ಸಿಂಕ್ ಆಫ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಚಿತ್ರಕ್ಕೂ ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಆದ್ದರಿಂದ ಹಿಂದೆ ತೆರೆದಿಟ್ಟ ಕ್ರೋಮ್ ಮುಚ್ಚಲೇಬೇಕು.

ನಮ್ಮಿಬ್ಬರಿಗೆ ಚರ್ಚೆಯಾದದ್ದು ಎಫ್‌ಪಿಎಸ್ ಮಿತಿಯ ವಿಷಯದಲ್ಲಿ. ಯೂಟ್ಯೂಬ್ ನೋಡಿದ ಹುಡುಗನಿಗೆ ಮಿತಿಯೇ ಬೇಡ. ನಮ್ಮ ಪರದೆ 60 ಹರ್ಟ್ಸ್‌ನದ್ದು, ಸೆಕೆಂಡಿಗೆ 60 ಬಾರಿ ಮಾತ್ರ ಬದಲಾಗುತ್ತದೆ. ಅದಕ್ಕಿಂತ ಹೆಚ್ಚು ಚಿತ್ರ ಮಾಡಿಸಿದರೆ ಮೌಸ್ ಕೂದಲೆಳೆಯಷ್ಟು ಚುರುಕಾದೀತು, ಬಿಸಿ ಮಾತ್ರ ಖಂಡಿತ ಏರುತ್ತದೆ. ಎ.ಸಿ. ಕೋಣೆಯಲ್ಲಿ ಆಡುವವರ ಲೆಕ್ಕ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಸೆಕೆಗೆ ನಾವೇ ಬೇಯುತ್ತಿರುತ್ತೇವೆ, ಇನ್ನು ಲ್ಯಾಪ್‌ಟಾಪ್? ಬಿಸಿ ಮೀರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಳೆಯತೊಡಗಿದರೆ ಹೆಚ್ಚಾಗಿ ಕಾರಣ ಇದೇ. ಮಿತಿ 60ಕ್ಕೆ ಇಟ್ಟೆವು. ಹಾಸಿಗೆ ಮೇಲೆ ಇಡುವುದು ನಿಂತಿತು. ಹಿಂದಿನ ತುದಿಗೆ ಎರಡು ಟೈಲ್ಸ್ ತುಂಡು ಕೊಟ್ಟು ಎತ್ತರಿಸಿದೆವು. ತೊಕ್ಕೊಟ್ಟಿನಲ್ಲಿ ಫ್ಯಾನ್ ಕ್ಲೀನ್ ಮಾಡಿಸಿದಾಗ ಒಳಗಿಂದ ಬಂದ ಧೂಳು ಹತ್ತಿಯ ಹಾಗಿತ್ತು. ಆಡುವಾಗ ಚಾರ್ಜರ್ ಹಾಕಿಯೇ ಇರಬೇಕು, ಬ್ಯಾಟರಿಯಲ್ಲಿ ಅನೇಕ ಲ್ಯಾಪ್‌ಟಾಪ್‌ಗಳು ವೇಗ ತಗ್ಗಿಸುತ್ತವೆ.

ಪುಕ್ಕಟೆ ಸಿಗುವ 'ಎಫ್‌ಪಿಎಸ್ ಬೂಸ್ಟರ್'ಗಳಿಗೆ ಮಾತ್ರ ನಾವು ಒಪ್ಪಲಿಲ್ಲ. ಆಫೀಸಿನ ಪಾಸ್‌ವರ್ಡ್, ನಮ್ಮನ್ನು ನಂಬಿ ಮಾತಾಡಿದವರ ಧ್ವನಿಮುದ್ರಣ ಎಲ್ಲ ಇರುವುದು ಅದೇ ಲ್ಯಾಪ್‌ಟಾಪಿನಲ್ಲಿ.

ಈಗ 50ರ ಆಸುಪಾಸು ನಿಲ್ಲುತ್ತದೆ. ಹೊಸತು ತೆಗೆಯುವ ಮಾತು ಸದ್ಯಕ್ಕಿಲ್ಲ. 8 ಜಿಬಿಯ ಇನ್ನೊಂದು ರ್‍ಯಾಮ್ ಹಾಕಿಸುವ ಎಂದು ಹುಡುಗ ಶುರುಮಾಡಿದ್ದಾನೆ, ಅದರ ರೇಟು ವಿಚಾರಿಸುತ್ತಿದ್ದೇವೆ.