ಏಸಿ ಕೊಂಡರೆ ಸಂಗೀತ ಉಚಿತ

1987ರಲ್ಲಿ ಜಪಾನಿನ ಸಾನ್ಯೋ ಕಂಪನಿಯ ಏಸಿ ಕೊಂಡವರಿಗೆ ಅದರ ಜೊತೆ ಒಂದು ಸಂಗೀತದ ಆಲ್ಬಂ ಸಿಗುತ್ತಿತ್ತು. ಹೆಸರು ‘ಗೆಟ್ ಅಟ್ ದ ವೇವ್’, ಮಾಡಿದವರು ತಾಕಾಶಿ ಕೊಕುಬೊ. ಅದರಲ್ಲಿ ಹಾಡಿಲ್ಲ, ಹಾಡುವವರೂ ಇಲ್ಲ. ನೀರಿನ ಸದ್ದು, ಅದರ ಮೇಲೆ ಅವಸರವಿಲ್ಲದೆ ತೇಲುವ ಸಿಂಥಸೈಜರ್ ಸ್ವರಗಳು, ಅಷ್ಟೆ. ಸೋಪಿನ ಪುಡಿಯ ಜೊತೆ ಬಕೆಟ್ಟು ಕೊಟ್ಟ ಹಾಗೆ ಕೊಟ್ಟ ಸಂಗೀತ ಇದು. ಬಕೆಟ್ಟಾದರೂ ಬಚ್ಚಲಿಗಾಗುತ್ತದೆ, ಇದು ಕಪಾಟಿನ ಮೂಲೆ ಸೇರಬೇಕಾದದ್ದು. ಆದದ್ದೇ ಬೇರೆ. ಸಾನ್ಯೋ 2009ರ ಕೊನೆಗೆ ಪ್ಯಾನಸೋನಿಕ್ ಪಾಲಾಯಿತು, ಆ ಏಸಿಗಳು ಗುಜರಿ ಕಂಡು ಎಷ್ಟೋ ಕಾಲವಾಗಿರಬೇಕು. ಆಲ್ಬಂ ಮಾತ್ರ ಉಳಿದಿದೆ. ಆ ಕಂಪನಿಯ ಹೆಸರನ್ನೇ ಕೇಳದ ಹುಡುಗರು ಅದನ್ನು ಹುಡುಕಿಕೊಂಡು ಕೇಳುತ್ತಾರೆ.

ಕೇಳಿಸಬೇಕು, ಆದರೆ ಯಾರೂ ಕೂತು ಕೇಳಬೇಕಾಗಿಲ್ಲ ಎಂಬ ಜಾತಿಯ ಸಂಗೀತಕ್ಕೆ ಮೂಲಪುರುಷನೆಂದು ಸಾಮಾನ್ಯವಾಗಿ ಹೆಸರಿಸುವುದು ಫ್ರಾನ್ಸಿನ ಎರಿಕ್ ಸಾಟಿಯನ್ನು. 1920ರ ಮಾರ್ಚ್ 8ರಂದು ಪ್ಯಾರಿಸ್ಸಿನ ಬಾರ್ಬಜಾಂಜ್ ಗ್ಯಾಲರಿಯಲ್ಲಿ ಒಂದು ನಾಟಕದ ವಿರಾಮದಲ್ಲಿ ಆತ ತನ್ನ ‘ಪೀಠೋಪಕರಣ ಸಂಗೀತ’ವನ್ನು ನುಡಿಸಿದ. ನೆರವಿಗಿದ್ದವನು ಇನ್ನೊಬ್ಬ ಸಂಗೀತಕಾರ ದಾರಿಯುಸ್ ಮಿಯೋ. ಸಂಗೀತ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಬಾರದೆಂದು ಮೂರು ಮೂಲೆಗಳಲ್ಲಿ ಕ್ಲಾರಿನೆಟ್ಟುಗಳನ್ನೂ ನಾಲ್ಕನೆಯದರಲ್ಲಿ ಪಿಯಾನೊವನ್ನೂ ಮೇಲಿನ ಒಂದು ಬಾಕ್ಸಿನಲ್ಲಿ ಟ್ರೊಂಬೋನನ್ನೂ ಹಂಚಿದ್ದರು. ಕುರ್ಚಿ ಮೇಜುಗಳ ಹಾಗೆ ಈ ಸಂಗೀತವೂ ಕೋಣೆಯಲ್ಲಿ ಸುಮ್ಮನೆ ಇರಲಿ, ಲಕ್ಷ್ಯ ಕೊಡಬೇಡಿ ಎಂದು ಮೊದಲೇ ತಿಳಿಸಿಯೂ ಆಗಿತ್ತು. ಆದರೆ ವಾದ್ಯ ಶುರುವಾದದ್ದೇ ತಡ, ಎದ್ದು ಹೊರಟಿದ್ದ ಜನ ಬಾಯಿ ಮುಚ್ಚಿಕೊಂಡು ಕುರ್ಚಿಗೆ ಮರಳಿದರು. ಮಾತಾಡಿ, ಓಡಾಡಿ, ಕೇಳಬೇಡಿ ಎಂದು ಸಾಟಿ ಸಭೆಯ ನಡುವೆ ಕೂಗಾಡಿದ್ದನ್ನು ಮಿಯೋ ಮುಂದೆ ಬರೆದಿಟ್ಟಿದ್ದಾನೆ. ಸಭಿಕರು ಗಮನ ಕೊಡುತ್ತಾರೆಂದು ಸಿಟ್ಟಾದ ಸಂಗೀತಗಾರರು ಲೋಕದಲ್ಲಿ ಹೆಚ್ಚಿಲ್ಲ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವಂಥದು. 1975ರಲ್ಲಿ ಲಂಡನ್ನಿನಲ್ಲಿ ಟ್ಯಾಕ್ಸಿ ಗುದ್ದಿ ಹಾಸಿಗೆ ಹಿಡಿದಿದ್ದ ಸಂಗೀತಗಾರ ಬ್ರಯನ್ ಈನೊ, ಹೊರಗಿನ ಮಳೆಯ ನಡುವೆ ಅರೆಬರೆ ಕೇಳುತ್ತಿದ್ದ ಹಾರ್ಪ್ ಸಂಗೀತದ ಗ್ರಾಮಫೋನ್ ತಟ್ಟೆಯ ದನಿ ಎತ್ತರಿಸಲು ಏಳಲಾಗದೆ ಹಾಗೇ ಕೇಳಿದ್ದು. ಅದೇ ವರ್ಷ ಬಂದ ‘ಡಿಸ್ಕ್ರೀಟ್ ಮ್ಯೂಸಿಕ್’. 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’. ಇಂಥ ಸಂಗೀತಕ್ಕೆ ಆ್ಯಂಬಿಯೆಂಟ್ ಎಂಬ ಹೆಸರು ನಿಂತದ್ದು ಅಲ್ಲಿಂದ. ಇಂಥ ಆಲ್ಬಂಗಳ ಯಾವ ಪಟ್ಟಿ ತೆಗೆದರೂ ಮೊದಲ ಸಾಲಿನಲ್ಲಿ ಈನೊ ಇದ್ದೇ ಇರುತ್ತಾನೆ. ಆತನಿಗೆ ಇನ್ನೊಬ್ಬರ ಶಿಫಾರಸು ಬೇಕಿಲ್ಲ.

ಶಿಫಾರಸು ಬೇಕಾದವರು ಜಪಾನಿನವರು. ಟೋಕಿಯೊದ ಇಕೆಬುಕುರೊದಲ್ಲಿ ಸೇಯ್ಬು ಡಿಪಾರ್ಟ್‌ಮೆಂಟ್ ಸ್ಟೋರ್‌ಗೆ ಸೇರಿದ ‘ಆರ್ಟ್ ವಿವಾಂ’ ಎಂಬ ಪುಸ್ತಕ ಮತ್ತು ತಟ್ಟೆಗಳ ಅಂಗಡಿಯಿತ್ತು. ಅಲ್ಲಿ ಕೆಲಸಕ್ಕಿದ್ದ ಸಾತೋಶಿ ಆಶಿಕಾವಾ ಸಾಟಿಯನ್ನೂ ಈನೊವನ್ನೂ ಅರಗಿಸಿಕೊಂಡಿದ್ದ. ಆತ ‘ಸೌಂಡ್ ಪ್ರೊಸೆಸ್’ ಎಂಬ ಸಂಸ್ಥೆ ಕಟ್ಟಿ, 1982ರಲ್ಲಿ ‘ವೇವ್ ನೊಟೇಶನ್’ ಮಾಲೆಯನ್ನು ಆರಂಭಿಸಿದ. ಅದರ ಮೊದಲ ಆಲ್ಬಂ ಹಿರೋಶಿ ಯೋಶಿಮುರಾ ಮಾಡಿದ ‘ಮ್ಯೂಸಿಕ್ ಫಾರ್ ನೈನ್ ಪೋಸ್ಟ್ ಕಾರ್ಡ್ಸ್’. ಈ ಬರಹದ ಪಕ್ಷಪಾತವೆಲ್ಲ ಇದರ ಕಡೆಗೇ.

ಯೋಶಿಮುರಾ ಕಿಟಕಿಯಾಚೆಗಿನ ಮೋಡ, ಮರದ ನೆರಳು ನೋಡುತ್ತ ಕೀಬೋರ್ಡಿನಲ್ಲಿ ಸಣ್ಣ ಸಣ್ಣ ತುಣುಕುಗಳನ್ನು ಹೆಣೆದಿದ್ದ. ಶಿನಾಗಾವಾದ ಹಾರಾ ಸಮಕಾಲೀನ ಕಲಾ ಮ್ಯೂಸಿಯಂ ನೋಡಲು ಹೋದಾಗ ಆ ಜಾಗ ಎಷ್ಟು ಹಿಡಿಸಿತೆಂದರೆ, ತನ್ನ ಸಂಗೀತವನ್ನು ಇಲ್ಲಿ ಹಾಕಬಹುದೇ ಎಂದು ತಾನೇ ಕೇಳಿದ. ಅವರು ಒಪ್ಪಿದರು. ಚಿತ್ರ ನೋಡಲು ಬಂದವರು, ಈ ಸಂಗೀತ ಎಲ್ಲಿ ಸಿಗುತ್ತದೆ ಎಂದು ವಿಚಾರಿಸತೊಡಗಿದರು. ಆಲ್ಬಂ ಹೊರಬಂದದ್ದು ಆಮೇಲೆ. ಒಂದು ಕೀಬೋರ್ಡು, ಒಂದು ಎಲೆಕ್ಟ್ರಿಕ್ ಪಿಯಾನೊ, ಒಂಬತ್ತು ತುಣುಕು. ಒಂದೊಂದರಲ್ಲೂ ನಾಲ್ಕಾರು ಸ್ವರಗಳು ಸ್ವಲ್ಪ ಸ್ವಲ್ಪ ಜಾಗ ಬದಲಿಸುತ್ತ ತಿರುತಿರುಗಿ ಬರುತ್ತವೆ. ಮ್ಯೂಸಿಯಂ 2021ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಅಲ್ಲಿಯ ಬೆಳಕು ಹೇಗಿತ್ತು ಎಂಬುದಕ್ಕೆ ಛಾಯಾಚಿತ್ರಗಳಿಗಿಂತ ಈ ಆಲ್ಬಮ್ಮೇ ಒಳ್ಳೆಯ ದಾಖಲೆ ಎಂದರೆ ಅತಿಯಾಗಬಹುದು, ಆದರೂ ಹೇಳಬೇಕೆನಿಸುತ್ತದೆ. ಮಾಲೆಯ ಎರಡನೆಯದು ಆಶಿಕಾವಾನದೇ ‘ಸ್ಟಿಲ್ ವೇ’. ಮರುವರ್ಷವೇ ಆತ ರಸ್ತೆ ಅಪಘಾತದಲ್ಲಿ ತೀರಿಕೊಂಡ.

ಆಗ ಜಪಾನಿನ ಕಂಪನಿಗಳ ಕೈಯಲ್ಲಿ ದುಡ್ಡು ಧಾರಾಳವಾಗಿತ್ತು. ಮುಜಿ ಅಂಗಡಿಗಳಿಗೆಂದು ಹಾರುವೊಮಿ ಹೊಸೊನೊ ‘ವಾಟರಿಂಗ್ ಎ ಫ್ಲವರ್’ ಮಾಡಿಕೊಟ್ಟ. 1984ರಲ್ಲಿ ಪ್ರಸಾಧನ ಕಂಪನಿ ಶಿಸೇಡೊಗಾಗಿ ಯೋಶಿಮುರಾ ಮಾಡಿದ ‘ಏರ್ ಇನ್ ರೆಸಾರ್ಟ್’ ತಟ್ಟೆಗೆ ಸುಗಂಧವನ್ನೂ ಪೂಸಿದ್ದರು. 1986ರ ‘ಸರೌಂಡ್’ ಮಿಸಾವಾ ಹೋಮ್ಸ್ ಕಟ್ಟುತ್ತಿದ್ದ ಮನೆಗಳಿಗೆ. ಅದಾದ ಮೇಲೆ ಸಾನ್ಯೋ. ಕೂಲಿಯ ಸಂಗೀತ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಹಾಡು ಹಿಟ್ ಆಗಬೇಕೆಂಬ ಒತ್ತಾಯವಿರಲಿಲ್ಲ, ಗಾಯಕನ ಮುಖ ಮುಖಪುಟಕ್ಕೆ ಬರಬೇಕಿರಲಿಲ್ಲ, ಖರ್ಚು ಏಸಿಯ ಲೆಕ್ಕಕ್ಕೆ ಹೋಗುತ್ತಿತ್ತು. ಅಂಥ ಸ್ವಾತಂತ್ರ್ಯ ಸಂಗೀತ ಕಂಪನಿಗಳ ಕರಾರಿನಲ್ಲಿ ಸಿಗುವುದು ಅಪರೂಪ. ಅಂದ ಹಾಗೆ, ಏಸಿಯ ತಂಪಿಗೆ ಸ್ವರ ಜೋಡಿಸಿದ ಈ ಕೊಕುಬೊನೇ ಜಪಾನಿನ ಮೊಬೈಲುಗಳಲ್ಲಿ ಭೂಕಂಪದ ಮುನ್ನೆಚ್ಚರಿಕೆಗೆ ಬಡಿದುಕೊಳ್ಳುವ ಸದ್ದನ್ನೂ ರೂಪಿಸಿದವನು. ಮಲಗಿಸುವ ವಿದ್ಯೆ ಬಲ್ಲವನಿಗೆ ಎಬ್ಬಿಸುವ ವಿದ್ಯೆಯೂ ಗೊತ್ತಿತ್ತು.

ಮುಂದೆ ಇವೆಲ್ಲ ಮರೆತುಹೋದವು. ಯೋಶಿಮುರಾ 2003ರಲ್ಲಿ ತೀರಿಕೊಂಡಾಗ ಆತನ ಹೆಸರು ಹೊರದೇಶದಲ್ಲಿ ಬಲ್ಲವರು ಬೆರಳೆಣಿಕೆಯಷ್ಟು. ಮರಳಿ ಬೆಳಕಿಗೆ ತಂದದ್ದರಲ್ಲಿ ಹಳೆಯ ತಟ್ಟೆ ಹುಡುಕುವ ಹುಚ್ಚರ ಪಾಲು ಅರ್ಧ. ಉಳಿದರ್ಧ, ಏನೋ ಕೇಳುತ್ತ ನಿದ್ದೆ ಹೋದವರಿಗೆ ತಾನಾಗಿ ಮುಂದಿನದನ್ನು ಹಚ್ಚುವ ಯೂಟ್ಯೂಬಿನದು. ‘ನೈನ್ ಪೋಸ್ಟ್ ಕಾರ್ಡ್ಸ್’ 2017ರಲ್ಲಿ ಮರುಮುದ್ರಣಗೊಂಡಿತು. 2019ರಲ್ಲಿ ಅಮೆರಿಕದ ‘ಲೈಟ್ ಇನ್ ದ ಆ್ಯಟಿಕ್’ ಸಂಸ್ಥೆ ಈ ಎಲ್ಲರನ್ನೂ ಒಟ್ಟುಮಾಡಿ ‘ಕಾಂಕ್ಯೊ ಓಂಗಾಕು’ ಸಂಕಲನ ತಂದಾಗ ಅದು ಗ್ರ್ಯಾಮಿ ನಾಮನಿರ್ದೇಶನದವರೆಗೂ ಹೋಯಿತು.

ಇಂಥ ಆಲ್ಬಂಗಳನ್ನು ಇನ್ನೊಬ್ಬರಿಗೆ ಕೇಳಿಸಲು ಹೊರಟವರಿಗೆ ಐದು ನಿಮಿಷದೊಳಗೆ ಎದುರಾಗುವ ಪ್ರಶ್ನೆ ಒಂದೇ: ಹಾಡು ಯಾವಾಗ ಶುರುವಾಗುತ್ತೆ? ಅಂಥ ಸ್ನೇಹಿತರಿಗೆ ಮೊದಲು ಕೊಡಬೇಕಾದದ್ದು ಮಿದೊರಿ ತಾಕಾದಾ ಅವರ 1983ರ ‘ಥ್ರೂ ದ ಲುಕಿಂಗ್ ಗ್ಲಾಸ್’. ಮರಿಂಬಾ, ಗಂಟೆ, ಹಾರ್ಮೋನಿಯಂ, ಕೊಕಾಕೋಲಾ ಬಾಟಲಿ ಎಲ್ಲವನ್ನೂ ಒಬ್ಬರೇ ನುಡಿಸಿ ಎರಡೇ ದಿನದಲ್ಲಿ ಮುಗಿಸಿದ ಧ್ವನಿಮುದ್ರಣ. ಇದರಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಿದ್ದೆಗೆಂದು ಹಚ್ಚುವವರಿಗೆ ಮಾತ್ರ ಎಚ್ಚರಿಕೆ: ನಾಲ್ಕನೆಯ, ಕೊನೆಯ ಭಾಗದಲ್ಲಿ ಚರ್ಮವಾದ್ಯಗಳು ವೇಗ ಹೆಚ್ಚಿಸಿಕೊಳ್ಳುತ್ತ ಹೋಗುತ್ತವೆ. ಓದುವ ಹೊತ್ತಿಗೆ ‘ನೈನ್ ಪೋಸ್ಟ್ ಕಾರ್ಡ್ಸ್’ ಒಳ್ಳೆಯದು. ‘ಸ್ಟಿಲ್ ವೇ’ಗೆ ನಿಶ್ಶಬ್ದ ಬೇಕು, ಆದ್ದರಿಂದ ನಗರಗಳಲ್ಲಿ ನಡುರಾತ್ರಿಯ ಮೇಲೆ.

ಯೋಶಿಮುರಾನ 1986ರ ‘ಗ್ರೀನ್’ ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಅದಕ್ಕೆ ಎರಡು ರೂಪಗಳಿವೆ. ಅಮೆರಿಕದಲ್ಲಿ ಮಾರುವಾಗ, ಬರೀ ಸ್ವರ ಸಾಲದೆಂದು ಹಕ್ಕಿಯ ಕೂಗನ್ನೂ ನೀರಿನ ಸದ್ದನ್ನೂ ಬೆರೆಸಿದ್ದರು. 2020ರ ಮರುಮುದ್ರಣದಲ್ಲಿರುವುದು ಹಕ್ಕಿಗಳಿಲ್ಲದ ಮೂಲ ರೂಪ. ಕಿಟಕಿ ತೆರೆದಿಟ್ಟು ಕೇಳುವವರಿಗೆ ಅದೇ ಸಾಕು.