ಚಾರ್ಮಾಡಿ ಹತ್ತುವ ಮುನ್ನ

ಮಂಗಳೂರಿನಿಂದ ಚಿಕ್ಕಮಗಳೂರಿನ ಕಡೆಗೆ ಹೋಗುವಾಗ, ಬೆಳ್ತಂಗಡಿ, ಉಜಿರೆ ದಾಟಿ ಮುಂಡಾಜೆಯ ತೋಟಗಳ ನಡುವೆ ಸಾಗುತ್ತಿದ್ದಂತೆ ಪಶ್ಚಿಮ ಘಟ್ಟವು ಗೋಡೆಯಂತೆ ಎದುರಾಗುವುದನ್ನು ನೀವು ನೋಡಿರಬಹುದು. ಅದೇ ಚಾರ್ಮಾಡಿ ಘಾಟಿ. 2019ರ ಮಳೆಗಾಲದಲ್ಲಿ ಇಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತುಹೋಗಿತ್ತು. ಬಸ್ಸಿನಲ್ಲಿ ಹೋಗುವವರಿಗೆ ಮಂಜು, ಕಾಡು, ತಿರುವುಗಳೇ ಘಾಟಿ. ಹಳೆಯ ಬೈಕಿನಲ್ಲಿ ಹೋಗುವವರಿಗೆ ಅದೊಂದು ಪರೀಕ್ಷೆ.

ಮೂಡಿಗೆರೆಯಲ್ಲಿ ಬಾಣಂತಿಯಾಗಿದ್ದ ನಾದಿನಿಯನ್ನು ನೋಡಲು ನಾವು ಹೊರಟದ್ದು ಮಾವನವರ ಕಾಲದ ಬುಲೆಟ್‌ನಲ್ಲಿ. ಇಂಗ್ಲೆಂಡಿನ ರೆಡಿಚ್ ಕಂಪೆನಿಯ ಈ ಬೈಕನ್ನು ನಮ್ಮ ದೇಶದಲ್ಲೇ ತಯಾರಿಸಲು 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾಯಿತು. ಕಾರ್ಖಾನೆ ಮದ್ರಾಸಿನ ತಿರುವೊತ್ತಿಯೂರಿನಲ್ಲಿ ಎದ್ದಿತು. ರಾತ್ರಿ ಉಜಿರೆಯ ಬಂಧುಗಳ ಮನೆಯಲ್ಲಿ ತಂಗಿದೆವು. ನೆರೆಮನೆಯ ಕಾಕ ಹಳೆಯ ಮೆಕ್ಯಾನಿಕ್. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಅವರು ಬಂದರು. ಕಬ್ಬಿಣ ಬಿಸಿಯಾದರೆ ಹಿಗ್ಗುತ್ತದೆ, ಆದ್ದರಿಂದ ಟ್ಯಾಪೆಟ್ ನೋಡಬೇಕಾದದ್ದು ತಣ್ಣಗಿರುವಾಗಲೇ ಎಂದರು.

“ಸದ್ದೇ ಇಲ್ಲ ಕಾಕ, ಹೊಸದರ ಹಾಗಿದೆ,” ಎಂದು ನಮ್ಮವರು ಹೆಮ್ಮೆಯಿಂದ ಹೇಳಿದರು.

“ಅದೇ ನನಗೆ ಹೆದರಿಕೆ ಮಗಾ,” ಎಂದರು ಕಾಕ.

ಎಂಜಿನ್ನಿನಲ್ಲಿ ಎರಡು ವಾಲ್ವ್‌ಗಳಿರುತ್ತವೆ. ಒಂದು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒಳಗೆ ಬಿಡುತ್ತದೆ, ಇನ್ನೊಂದು ಹೊಗೆಯನ್ನು ಹೊರಗೆ ಕಳಿಸುತ್ತದೆ. ಕೆಳಗಿನಿಂದ ಪುಶ್ ರಾಡ್ ಎಂಬ ಉದ್ದನೆಯ ಕಡ್ಡಿಗಳು ಎದ್ದು ಅವುಗಳನ್ನು ತೆರೆಯುತ್ತವೆ. ಕಡ್ಡಿ ಸಡಿಲವಾದರೆ ಟಕಟಕ ಸದ್ದು, ಶಕ್ತಿ ಕಡಿಮೆ. ಬಿಗಿಯಾದರೆ ಸದ್ದಿಲ್ಲ, ಆದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ವಾಲ್ವ್ ತನ್ನ ಶಾಖವನ್ನು ಬಿಟ್ಟುಕೊಡುವುದು ಹೆಚ್ಚಾಗಿ ಮುಚ್ಚಿ ಕುಳಿತಾಗಲೇ. ಸರಿಯಾಗಿ ಕೂರದಿದ್ದರೆ ಸಂದಿಯಲ್ಲಿ ಬೆಂಕಿಯಂತಹ ಹೊಗೆ ನುಗ್ಗಿ ಅಂಚು ಸುಡುತ್ತದೆ. ಘಾಟಿಯಲ್ಲಿ ಸಣ್ಣ ಗೇರಿನಲ್ಲಿ ಭಾರ ಎಳೆಯುವಾಗ ಅಪಾಯ ಇನ್ನೂ ಹೆಚ್ಚು.

ಕಾಕ ಬಲಬದಿಯ ಚಿಕ್ಕ ಮುಚ್ಚಳ ಬಿಚ್ಚಿದರು. ಕಿಕ್ಕರನ್ನು ಮೆಲ್ಲಗೆ ಒತ್ತಿ, ಎರಡೂ ವಾಲ್ವ್ ಮುಚ್ಚಿರುವ ಹಂತಕ್ಕೆ ಪಿಸ್ಟನ್ನನ್ನು ತಂದರು. ಒಳಗಿನ ಎರಡು ಕಡ್ಡಿಗಳನ್ನು ನನಗೇ ತಿರುಗಿಸಲು ಹೇಳಿದರು. ಒಂದು ಎರಡು ಬೆರಳಲ್ಲಿ ಸಲೀಸಾಗಿ ತಿರುಗಿತು. ಹೊಗೆ ವಾಲ್ವಿನದು ಅಲುಗಲೇ ಇಲ್ಲ! ಓಡಿ ಓಡಿ ವಾಲ್ವ್ ತನ್ನ ಸೀಟಿನೊಳಕ್ಕೆ ಸವೆದು ಇಳಿದಿತ್ತು.

ಕಾಕ ಸ್ಪ್ಯಾನರ್‌ಗಳಿಂದ ಲಾಕ್ ನಟ್ಟನ್ನು ಸಡಿಲಿಸಿ, ಟ್ಯಾಪೆಟ್ಟನ್ನು ಚೂರುಚೂರೇ ತಿರುಗಿಸಿದರು. ಕಡ್ಡಿ ಬೆರಳಿಗೆ ತಿರುಗಬೇಕು, ಆದರೆ ಮೇಲೆ-ಕೆಳಗೆ ಆಡಬಾರದು. ಈ ಬುಲೆಟ್‌ಗೆ ಅಷ್ಟೇ ಅಳತೆ. ನಟ್ಟು ಬಿಗಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಿದರು. ಬಿಗಿಯುವಾಗಲೇ ಅಂತರ ಕೆಡುವುದುಂಟಂತೆ.

ಮಂಜಿನ ನಡುವೆ ತಿರುವುಗಳನ್ನು ಹತ್ತಿ ಕೊಟ್ಟಿಗೆಹಾರ ತಲುಪಿದೆವು. ಅಲ್ಲಿನ ಬಿಸಿ ನೀರುದೋಸೆಯ ರುಚಿ ಹೇಳಿ ತೀರದು. ಬೈಕು ಎಲ್ಲೂ ಉಸಿರು ಕಟ್ಟಲಿಲ್ಲ.

ನಂತರ ಬಂದ ಯುಸಿಇ ಬುಲೆಟ್‌ಗಳಲ್ಲಿ ಎಣ್ಣೆಯ ಒತ್ತಡದಿಂದ ಟ್ಯಾಪೆಟ್ ತಾನಾಗಿ ಸರಿಹೊಂದುತ್ತದೆ. ನಿಮ್ಮ ಮನೆಯಲ್ಲೂ ಅದಕ್ಕಿಂತ ಹಳೆಯ ಬುಲೆಟ್ ಇದ್ದರೆ ಸಹೋದರಿಯರೇ, ದೂರದ ಪ್ರಯಾಣದ ಮುಂಜಾನೆ ಬುತ್ತಿ ಕಟ್ಟುವುದರ ಜೊತೆಗೆ ಒಂದು ಮಾತು ಕೇಳಿ: “ಟ್ಯಾಪೆಟ್ ನೋಡಿದ್ದೀರಾ?” ಸದ್ದು ಮಾಡುವುದನ್ನು ಎಲ್ಲರೂ ಗಮನಿಸುತ್ತಾರೆ. ಸದ್ದಿಲ್ಲದೆ ಸುಡುವುದನ್ನು ನಾವೇ ಕೈಯಿಟ್ಟು ನೋಡಬೇಕು.